ಪ್ರೋಟೀನ್‌ಗಳಿಗೆ ಸಕ್ಕರೆ ಸರಪಳಿ ಅಂಟದಂತೆ ತಡೆಯುವ ಟ್ಯೂನಿಕಾಮೈಸಿನ್ ಔಷಧ ಹಾಕಿದಾಗ ವೈರಸ್ ಇಳುವರಿ ಕುಸಿದರೆ, ವೈರಸ್ ಜೋಡಣೆಗೆ ಸಕ್ಕರೆ ಅನಿವಾರ್ಯ ಎನ್ನಬಹುದೇ?

ಎನ್ನಬೇಡಿ. ಇದೇ ವಾಕ್ಯ ಬರೆದು ನನ್ನ ಪಿಎಚ್‌.ಡಿ. ಪ್ರಬಂಧದ ಒಂದು ಇಡೀ ಅಧ್ಯಾಯವನ್ನು ಕಳೆದುಕೊಂಡವನು ನಾನು.

ನನ್ನದು ದನ-ಕುದುರೆಗಳ ಬಾಯಲ್ಲಿ ಹುಣ್ಣು ತರುವ ವೆಸಿಕ್ಯುಲರ್ ಸ್ಟೊಮಟೈಟಿಸ್ ವೈರಸ್‌, ಸ್ಯಾನ್ ಹ್ವಾನ್ ತಳಿ. ಅದರ ಹೊದಿಕೆಯಲ್ಲಿರುವುದು ಜಿ ಎಂಬ ಒಂದೇ ಪ್ರೋಟೀನ್. ಅದಕ್ಕೆ ಅಂಟುವುದು ಎರಡೇ ಸಕ್ಕರೆ ಸರಪಳಿ. ಔಷಧ ಹಾಕಿದೆ, ವೈರಸ್ ಹೊರಬರುವುದು ನಿಂತೇಹೋಯಿತು. ಜೀವಕೋಶಗಳನ್ನು ಎಸ್‌ಡಿಎಸ್ ಎಂಬ ಪ್ರಬಲ ಮಾರ್ಜಕದಲ್ಲಿ ಕುದಿಸಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಗೆರೆಗಳಾಗಿ ಬೇರ್ಪಡಿಸಿ ಗುರುತಿಸುವ ವಿಧಾನ) ಮಾಡಿದರೆ ಜಿ ದಟ್ಟವಾಗಿಯೇ ಇತ್ತು, ಸಕ್ಕರೆಯ ತೂಕ ಕಳೆದು ಸ್ವಲ್ಪ ಕೆಳಗೆ. ಪ್ರೋಟೀನ್ ಇದೆ, ವೈರಸ್ ಇಲ್ಲ. ಅಂದಮೇಲೆ ಕೆಟ್ಟಿರುವುದು ಜೋಡಣೆಯೇ ಎಂದುಕೊಂಡೆ.

ಎಡವಿದ್ದು ಆ ಕುದಿಸುವಲ್ಲಿ. ಕುದಿಯುವ ಎಸ್‌ಡಿಎಸ್ ಗಂಟುಕಟ್ಟಿದ ಪ್ರೋಟೀನನ್ನೂ ಬಿಡಿಸಿಬಿಡುತ್ತದೆ. ಸರಿಯಾಗಿ ಮಡಚಿಕೊಂಡ ಜಿ, ಕೆಟ್ಟು ಮುದ್ದೆಯಾದ ಜಿ, ಎರಡೂ ಬ್ಲಾಟ್‌ನಲ್ಲಿ ಒಂದೇ ಗೆರೆ. ಟ್ರೈಟನ್ ಎಕ್ಸ್-100ರಂಥ ಸೌಮ್ಯ ಮಾರ್ಜಕದಲ್ಲಿ ಕರಗಿಸಿ, ಸೆಂಟ್ರಿಫ್ಯೂಜ್ ಮಾಡಿ, ತಳದ ಗಸಿಯನ್ನು ಬೇರೆಯಾಗಿ ನೋಡಬೇಕಿತ್ತು. ಪರೀಕ್ಷಕರು ಕೇಳಿದ ಮೇಲೆ ನೋಡಿದೆ: ಜಿ ಬಹುಪಾಲು ಗಸಿಯಲ್ಲೇ ಇತ್ತು. ನಾಚಿಕೆಯೆಂದರೆ, ಗಿಬ್ಸನ್, ಶ್ಲೆಸಿಂಜರ್ ಮತ್ತು ಕಾರ್ನ್‌ಫೆಲ್ಡ್ ಇದನ್ನು 1979ರಲ್ಲೇ ತೋರಿಸಿದ್ದರು. ಸಕ್ಕರೆಯಿಲ್ಲದ ಜಿ 38 ಡಿಗ್ರಿಯಲ್ಲಿ ಕೋಶದೊಳಗೇ ಗಂಟಾಗುತ್ತದೆ. 30 ಡಿಗ್ರಿಗೆ ಇಳಿಸಿದರೆ ಸಕ್ಕರೆಯಿಲ್ಲದೆಯೂ ವೈರಸ್ ಹುಟ್ಟುತ್ತದೆ, ಸೋಂಕನ್ನೂ ತಗಲಿಸುತ್ತದೆ. ಇದೇ ವೈರಸ್‌ನ ಒರ್ಸೇ ತಳಿಯಂತೂ 38 ಡಿಗ್ರಿಯಲ್ಲೂ ಒಂದಿಷ್ಟು ಕೊಡುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಸಕ್ಕರೆಯ ಕೆಲಸ ಜೋಡಣೆಗಿಂತ ಬಹಳ ಮೊದಲಿನದು. ಕೋಶದೊಳಗೆ ಇಂಥ ಪ್ರೋಟೀನ್ ತಯಾರಾಗಿ ಮಡಚಿಕೊಳ್ಳುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಸರಪಳಿಯ ತುದಿಗೆ ಉಳಿದ ಒಂದು ಗ್ಲೂಕೋಸನ್ನು ಕ್ಯಾಲ್ನೆಕ್ಸಿನ್ ಎಂಬ ಸಹಾಯಕ ಪ್ರೋಟೀನ್ ಹಿಡಿದುಕೊಂಡು, ಹೊಸ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳುವವರೆಗೆ ಕಾಯುತ್ತದೆ. ಈ ವೈರಸ್‌ನಲ್ಲಿ ಕಣ ಮೊಳೆತು ಹೊರಬರಲು ಮುಖ್ಯವಾಗಿ ದುಡಿಯುವುದು ಒಳಗಿನ ಎಂ ಪ್ರೋಟೀನ್. ಹೆಚ್ಚು ಬಿಸಿಯಲ್ಲಿ ಜಿ ಮೇಲ್ಮೈಗೆ ಬಾರದ, ಇದೇ ವೈರಸ್‌ನ ಟಿಎಸ್045 ರೂಪಾಂತರಿ ಕೂಡ ಜಿಯ ಮುಳ್ಳಿಲ್ಲದ ಬೋಳು ಕಣಗಳನ್ನು ಬಿಡುತ್ತದೆ.

ಟ್ಯೂನಿಕಾಮೈಸಿನ್ ಬಿಟ್ಟುಬಿಡಿ. ಅದು ಆತಿಥೇಯ ಕೋಶದ ಪ್ರೋಟೀನ್‌ಗಳಿಗೂ ಈ ಬಗೆಯ ಸಕ್ಕರೆ ಸಿಗದಂತೆ ಮಾಡುತ್ತದೆ. ಆಮೇಲೆ ಯಾವುದನ್ನು ದೂರುವಿರಿ? ವೈರಸ್ ಪ್ರೋಟೀನಿನಲ್ಲಿ ಸಕ್ಕರೆ ಅಂಟುವ ಆಸ್ಪರಜಿನ್ ಎಂಬ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಗ್ಲುಟಮಿನ್ ಎಂಬ ಇನ್ನೊಂದಕ್ಕೆ ಬದಲಿಸಿ, ಎರಡು ಉಷ್ಣತೆಯಲ್ಲಿ ಬೆಳೆಸಿ, ಕೋಶದ ಮೇಲ್ಮೈಯಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಅಳೆಯಿರಿ. ಸಾಧ್ಯವಾದರೆ ಕೋಶವನ್ನೂ ಬದಲಿಸಿ. ಡೆಂಗಿ ವೈರಸ್‌ನ ಹೊದಿಕೆಯ ಇ ಪ್ರೋಟೀನಿನ 67ನೇ ಆಸ್ಪರಜಿನ್ ತೆಗೆದರೆ ಸಸ್ತನಿ ಕೋಶಗಳಿಂದ ಸೋಂಕುಕಾರಕ ಕಣ ಬರುವುದಿಲ್ಲ, ಸೊಳ್ಳೆಯ ಕೋಶಗಳಲ್ಲಿ ವೈರಸ್ ಬೆಳೆಯುತ್ತದೆ.