ಪ್ರತಿಕ್ರಿಯೆ: ಆ್ಯಪ್‌ನಲ್ಲಿ ಜಮಾ ಆದ ಗೃಹಲಕ್ಷ್ಮಿ ಹಣ ಪಾಸ್‌ಬುಕ್ಕಿನಲ್ಲಿ ಇಲ್ಲ

ಸರ್ಕಾರದ ನೇರ ನಗದು ವರ್ಗಾವಣೆಯ ವಿವರ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ಪಾವತಿಯಾಗಿದೆ ಎಂದು ತೋರಿಸಿದರೂ ನಿಮ್ಮ ತಾಯಿಯವರ ಪಾಸ್‌ಬುಕ್ಕಿನಲ್ಲಿ ಅದು ಇಲ್ಲವೆಂದರೆ, ಹಣವು ಅವರದೇ ಹೆಸರಿನಲ್ಲಿ ಬೇರೊಂದು ಬ್ಯಾಂಕಿನಲ್ಲಿರುವ ಖಾತೆಗೆ ಹೋಗಿರುವ ಸಾಧ್ಯತೆಯೇ ಹೆಚ್ಚು. ಆಧಾರ್ ಮೂಲಕ ಕಳುಹಿಸುವ ಹಣವು ಖಾತೆ ಸಂಖ್ಯೆಯನ್ನು ಹಿಡಿದು ಸಾಗುವುದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆಯನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ಆಧಾರ್ ಸಂಖ್ಯೆಯ ಎದುರು ಕೊನೆಯದಾಗಿ ಯಾವ ಬ್ಯಾಂಕು ದಾಖಲಾಗಿದೆಯೋ ಅಲ್ಲಿಗೇ ತಲುಪುತ್ತದೆ. ಕೆವೈಸಿಗೆಂದು (ಗ್ರಾಹಕರ ಗುರುತು ಪರಿಶೀಲನೆಗೆ) ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿದ್ದರೆ, ಈ ಪಟ್ಟಿಯಲ್ಲಿ ದಾಖಲಾಗಲು ಅಷ್ಟೇ ಸಾಲದು. ಈ ವ್ಯತ್ಯಾಸವನ್ನು ಕೌಂಟರಿನಲ್ಲಿ ವಿವರಿಸುವವರು ವಿರಳ.

ಮೊದಲು ಮೈಆಧಾರ್ ಜಾಲತಾಣದಲ್ಲಿ ತಾಯಿಯವರ ಆಧಾರ್ ಸಂಖ್ಯೆ ಮತ್ತು ಒಟಿಪಿ ನಮೂದಿಸಿ, ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ (ಆಧಾರ್‌ಗೆ ಬ್ಯಾಂಕ್ ಜೋಡಣೆಯ ಸ್ಥಿತಿ) ತೆರೆದು ಅಲ್ಲಿ ಯಾವ ಬ್ಯಾಂಕಿನ ಹೆಸರಿದೆ, ಸ್ಥಿತಿ ಸಕ್ರಿಯವಾಗಿದೆಯೇ ಎಂದು ನೋಡಿರಿ. ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿಲ್ಲದಿದ್ದರೆ ಒಟಿಪಿ ಬರುವುದಿಲ್ಲ. ಆಗ ಬ್ಯಾಂಕ್ ಶಾಖೆಯಲ್ಲಿಯೇ ವಿಚಾರಿಸಬೇಕಾಗುತ್ತದೆ. ಎಂದೋ ತೆರೆದು ಮರೆತ ಖಾತೆಯ ಬ್ಯಾಂಕು ಕಾಣಿಸಿದರೆ, ತಾಯಿಯವರನ್ನು ಆ ಶಾಖೆಗೆ ಕರೆದೊಯ್ದು ಬಂದಿರುವ ಹಣವನ್ನು ಪಡೆದುಕೊಳ್ಳಿರಿ. ಅದು ಕಳೆದುಹೋಗಿರುವುದಿಲ್ಲ.

ನಂತರ ನಿಮಗೆ ಬೇಕಾದ ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್ ಒಪ್ಪಿಗೆ ಪತ್ರವನ್ನು ತುಂಬಿ, ಹಿಂದಿನ ಬ್ಯಾಂಕಿನ ಹೆಸರನ್ನೂ ನಮೂದಿಸಿ, ಸ್ವೀಕೃತಿ ಪಡೆಯಿರಿ. ಕೆಲವು ದಿನಗಳ ಬಳಿಕ ಸ್ಥಿತಿಯನ್ನು ಮತ್ತೆ ಪರಿಶೀಲಿಸಿರಿ.

ಪಟ್ಟಿಯಲ್ಲಿ ಮೊದಲಿನಿಂದಲೂ ಪಾಸ್‌ಬುಕ್ಕಿನ ಬ್ಯಾಂಕೇ ಇದ್ದರೆ ನನ್ನ ಊಹೆ ತಪ್ಪು. ಅದೇ ಬ್ಯಾಂಕಿನಲ್ಲಿ ಅವರಿಗೆ ಎರಡನೆಯ ಖಾತೆ ಇದೆಯೇ ಎಂದು ಕೇಳಿರಿ. ಇಲ್ಲವೆಂದಾದರೆ ಆ್ಯಪ್‌ನಲ್ಲಿರುವ ಪಾವತಿ ವಿವರದ ಮುದ್ರಿತ ಪ್ರತಿಯೊಂದಿಗೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಲಿಖಿತ ದೂರು ಸಲ್ಲಿಸಿರಿ.