ಕ್ರೈಸ್ತ ನಂಬಿಕೆಯಲ್ಲಿ ದೇವರನ್ನು ವೈಯಕ್ತಿಕವಾಗಿ ತಿಳಿಯುವುದು ಅಂದರೆ ಏನು?

ದೇವರ ಬಗ್ಗೆ ತಿಳಿಯುವುದು ಬೇರೆ, ದೇವರನ್ನೇ ತಿಳಿಯುವುದು ಬೇರೆ. ಒಬ್ಬರ ಬಗ್ಗೆ ಎಷ್ಟೇ ಓದಿದರೂ ಜೊತೆಯಲ್ಲಿ ಕೂತು ಮಾತಾಡದೆ ಅವರ ಪರಿಚಯ ಆಗುವುದಿಲ್ಲ, ಅಲ್ವಾ? ಬೈಬಲಿನ ಯೋಹಾನ 17:3ರಲ್ಲಿ ಯೇಸು ಪ್ರಾರ್ಥಿಸುತ್ತಾ, ಒಬ್ಬನೇ ಸತ್ಯದೇವರನ್ನೂ ಆತನು ಕಳುಹಿಸಿದ ಕ್ರಿಸ್ತನನ್ನೂ ತಿಳಿಯುವುದೇ ನಿತ್ಯಜೀವ ಅನ್ನುತ್ತಾನೆ. ಅಂದರೆ ಅದು ಸತ್ತ ಮೇಲೆ ಸಿಗುವ ಬಹುಮಾನ ಮಾತ್ರ ಅಲ್ಲ, ಈ ಸಂಬಂಧದಲ್ಲಿ ಈಗಲೇ ಶುರುವಾಗುತ್ತದೆ. ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯಲ್ಲಿ 'ತಿಳಿಯುವುದು' ಎಂಬುದಕ್ಕಿರುವ ಹೀಬ್ರೂ ಪದ 'ಯಾದಾ' ಗಂಡಹೆಂಡತಿಯ ಆಪ್ತತೆಗೂ ಬಳಕೆಯಾಗಿದೆ, ಸುಮ್ನೆ ಮಾಹಿತಿ ಅಂತ ಅದರ ಅರ್ಥವಲ್ಲ.

ನನಗೆ ಜಾಸ್ತಿ ಹಿಡಿಸುವುದು ಗಲಾತ್ಯ 4:9. ನೀವು ದೇವರನ್ನು ತಿಳಿದಿದ್ದೀರಿ ಎಂದು ಬರೆದ ಯೇಸುವಿನ ಅಪೊಸ್ತಲ (ಸಂದೇಶ ಸಾರಲು ಕಳುಹಿಸಲ್ಪಟ್ಟವನು) ಪೌಲ ಅಲ್ಲೇ ತಿದ್ದಿಕೊಂಡು, ಅದಕ್ಕಿಂತ ಹೆಚ್ಚಾಗಿ ದೇವರೇ ನಿಮ್ಮನ್ನು ತಿಳಿದಿದ್ದಾನೆ ಅನ್ನುತ್ತಾನೆ. ಮೊದಲ ಹೆಜ್ಜೆ ಆತನದೇ. ನಮ್ಮ ಪಾಲು ಯೇಸುವನ್ನು ನಂಬುವುದು, ಮಕ್ಕಳು ತಂದೆಯ ಹತ್ತಿರ ಮಾತಾಡುವ ಹಾಗೆ ಪ್ರಾರ್ಥಿಸುವುದು, ತಪ್ಪು ಮಾಡಿದಾಗಲೂ ಓಡಿಹೋಗದೆ ಆತನ ಬಳಿಗೇ ಬರುವುದು.