ಕಾರ್ಡ್ ತಡವಾಗಿದ್ದು ಗೆಳತಿಯಿಂದಲ್ಲ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ಮೈ ಉರಿಯಿತು. ಬರೆದ ಹುಡುಗಿಯ ಮೇಲಲ್ಲ. ಅವರ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುವ ಇನ್ನೊಬ್ಬರ ಮೇಲೆ.

ವಿಷಯ ಇಷ್ಟು. ಮದುವೆಗೆ ಇನ್ನು 9 ವಾರ ಇದೆ. ಆಮಂತ್ರಣ ಪತ್ರಿಕೆಯ ಡಿಸೈನ್ ನಾನೇ ಮಾಡಿಕೊಡ್ತೀನಿ, ಅದೇ ನನ್ನ ಉಡುಗೊರೆ ಅಂತ ಹಳೆಯ ಗೆಳತಿಯೊಬ್ಬಳು ಹೇಳಿದ್ದಳು. ದುಡ್ಡು ಬೇಡ ಅಂದಳು. ಎರಡು ತಿಂಗಳಾದರೂ ಕಾರ್ಡ್ ಪ್ರೆಸ್ ಮುಖ ನೋಡಿಲ್ಲ. ಈಗ ಅವಳು ಫೋನ್ ಎತ್ತುವುದೂ ಕಡಿಮೆ. ಬೇರೆಯವರಿಗೆ ಕೊಟ್ಟರೆ ಸ್ನೇಹ ಕೆಡುತ್ತದೆ, ಕಾಯ್ತಾ ಕೂತರೆ ಕಾರ್ಡ್ ಮದುವೆ ದಿನ ಬರುತ್ತದೆ. ಏನು ಮಾಡಲಿ?

ಕೊನೆಯಲ್ಲಿ ಹುಡುಗನ ಅಣ್ಣನ ಬಗ್ಗೆ ಹೀಗೊಂದು ಸಾಲಿದೆ: "ಭಾವನವರು ಮಧ್ಯೆ ಒಂದೆರಡು ಸಣ್ಣ ಬದಲಾವಣೆ ಹೇಳಿದ್ದರು, ಅದನ್ನೂ ಅವಳು ಇನ್ನೂ ಮಾಡಿಲ್ಲ."

ಒಂದೆರಡಾ? ನೀವೇ ಪತ್ರದಲ್ಲಿ ಅಲ್ಲಲ್ಲಿ ಬರೆದಿದ್ದನ್ನು ಒಟ್ಟು ಮಾಡಿ ನೋಡಿದೆ. ಮೊದಲು ಹೆಸರುಗಳ ಕ್ರಮ ಬದಲಾಯಿತು. ಆಮೇಲೆ ಮತ್ತೆರಡು ಹೆಸರು ಸೇರಿದವು. ಆಮೇಲೆ ವಿಳಾಸದ ಜೊತೆ ದಾರಿ ತೋರಿಸುವ ನಕ್ಷೆಯೂ ಬೇಕಾಯಿತು. ಕೊನೆಗೆ ಬರೀ ಇಂಕ್ ಸಾಲದು, ಬಂಗಾರದ ಫಾಯಿಲ್, ಅಂದರೆ ಅಕ್ಷರದ ಮೇಲೆ ಒತ್ತುವ ಹೊಳೆಯುವ ತೆಳು ಹಾಳೆ, ಇರಲಿ ಎಂದಾಯಿತು. ಇದೆಲ್ಲ ನಿಮ್ಮ ಮೂಲಕವೂ ಹೋಗಿಲ್ಲ. ಭಾವನವರು ರಾತ್ರಿ ಹೊತ್ತು ನೇರವಾಗಿ ಅವಳಿಗೇ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಾರೆ. ಪಾಪ, ಯಾರು ತಾನೇ ಫೋನ್ ಎತ್ತುತ್ತಾರೆ?

ಹೆಸರು ಸೇರಿಸೋದು ಎರಡು ನಿಮಿಷದ ಕೆಲಸ ಅಂತ ಭಾವನವರು ಅಂದುಕೊಂಡಿರಬೇಕು. ಹೆಸರು ಸೇರಿದರೆ ಸಾಲು ಒಡೆಯುತ್ತದೆ. ಸಾಲು ಒಡೆದರೆ ಅಕ್ಷರ ಚಿಕ್ಕದು ಮಾಡಬೇಕು. ಒಂದು ಕಡೆ ಚಿಕ್ಕದಾದರೆ ಇಡೀ ಕಾರ್ಡಿನ ಅಂತರ ಮತ್ತೆ ಹೊಂದಿಸಬೇಕು. ಫಾಯಿಲ್ ವಿಷಯ ಇನ್ನೂ ಬೇರೆ. ಬಿಸಿ ಒತ್ತಿನ ಫಾಯಿಲ್‌ಗೆ ಆ ಅಕ್ಷರಗಳದೇ ಲೋಹದ ಅಚ್ಚು ಕೊರೆಸಬೇಕು. ಅಚ್ಚು ಕೊರೆಸಿದ ಮೇಲೆ ಒಂದಕ್ಷರ ತಿದ್ದಿದರೂ ಹೊಸ ಅಚ್ಚು. "ಬಂಗಾರ ಬಂಗಾರದ ಹಾಗೆ ಕಾಣ್ತಿಲ್ಲ" ಅಂತ ಅವರು ದೂರಿದರಂತೆ. ಫೋನ್ ಪರದೆಯ ಮೇಲೆ ಅದು ಮಾಸಿದ ಹಳದಿಯಾಗಿಯೇ ಕಾಣುವುದು. ಹೊಳಪು ಬರುವುದು ಕಾಗದದ ಮೇಲೆ ಒತ್ತಿದಾಗ.

ಹಾಗಾಗಿ ನನ್ನ ಕನಿಕರವೆಲ್ಲ ಗೆಳತಿಗೆ. ನಿಮಗೆ ಸ್ವಲ್ಪ. ನಿಮ್ಮ ಹುಡುಗನ ಬಗ್ಗೆ ಏನೂ ಹೇಳಲಾರೆ, ಯಾಕಂದ್ರೆ ಅಷ್ಟುದ್ದದ ಪತ್ರದಲ್ಲಿ ಅವರು ಎಲ್ಲೂ ಕಾಣಿಸಲೇ ಇಲ್ಲ. ಅವರ ಅಣ್ಣನಿಗೆ "ಸಾಕು" ಅನ್ನಬೇಕಾದವರು ಅವರು. ನೀವೂ ಅಲ್ಲ, ಗೆಳತಿಯಂತೂ ಅಲ್ಲವೇ ಅಲ್ಲ.

ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ: ಮೊದಲು ಒಕ್ಕಣೆ, ಆಮೇಲೆ ಡಿಸೈನ್. ಏನು ಬರೆಯಬೇಕು ಅಂತ ಗೊತ್ತಾಗದೆ ಚಿತ್ರ ಬಿಡಿಸಲು ಕೂತರೆ ಹೀಗೇ ಆಗೋದು.

ನೀವು ಮಾಡಬೇಕಾದ್ದು ಒಂದೇ. ಇವತ್ತು ರಾತ್ರಿ ನೀವಿಬ್ಬರೂ ಕೂತು ಕಾರ್ಡಿನ ಒಕ್ಕಣೆಯನ್ನು ಬಿಳಿ ಹಾಳೆಯ ಮೇಲೆ ಬರೆದು, ಗಟ್ಟಿಯಾಗಿ ಓದಿ, ದಿನಾಂಕ ಹಾಕಿ ಸಹಿ ಮಾಡಿ. ಅದರ ಫೋಟೊ ಗೆಳತಿಗೆ ಕಳಿಸಿ. ಜೊತೆಗೆ ಹೀಗೆ ಬರೆಯಿರಿ: "ಇದೇ ಕೊನೆ. ಇನ್ನು ಮುಂದೆ ನಾನು ಹೇಳಿದ್ದನ್ನು ಬಿಟ್ಟು ಯಾರು ಹೇಳಿದ್ದನ್ನೂ ಸೇರಿಸಬೇಡ. ಇಷ್ಟು ದಿನ ಸತಾಯಿಸಿದ್ದಕ್ಕೆ ಸಾರಿ." ಸಾರಿ ಅನ್ನೋದನ್ನು ಮರೀಬೇಡಿ.

ಫಾಯಿಲ್ ಬಿಡಿ. ಲೆಕ್ಕ ನೋಡಿ: ಕಾರ್ಡ್ ಸಾಮಾನ್ಯವಾಗಿ 6ರಿಂದ 8 ವಾರ ಮುಂಚೆ ಕೈ ಸೇರಿದರೆ ಚೆನ್ನ. ಬರ್ತೀರಾ ಇಲ್ವಾ ಅನ್ನೋ ಉತ್ತರ ನಿಮಗೆ 3ರಿಂದ 4 ವಾರ ಮುಂಚೆ ಸಿಗಬೇಕು, ಇಲ್ಲದಿದ್ದರೆ ಎಷ್ಟು ಕುರ್ಚಿ ಹಾಕಿಸೋದು? ಅಂದರೆ ತಿದ್ದಲು, ಅಚ್ಚು ಹಾಕಲು, ವಿಳಾಸ ಬರೆಯಲು, ಅಂಚೆಗೆ ಹಾಕಲು ಎಲ್ಲಕ್ಕೂ ಸೇರಿ ನಿಮ್ಮ ಹತ್ತಿರ ಇರುವುದು 3 ವಾರ. ಡಿಜಿಟಲ್ ಪ್ರಿಂಟ್ ಕೆಲವೇ ದಿನದಲ್ಲಿ ಕೈಗೆ ಬರುತ್ತದೆ. ಅಚ್ಚು ಕೊರೆಸುವ ಕೆಲಸಕ್ಕೆ ಆ ಮೂರು ವಾರವೂ ಸಾಲದೇ ಹೋಗಬಹುದು. ದೂರದಿಂದ ಬರುವವರಿಗೆ ಕಾರ್ಡ್ ಕಾಯಬೇಡಿ, ದಿನ ಮತ್ತು ಜಾಗವನ್ನು ಇವತ್ತೇ ತಿಳಿಸಿಬಿಡಿ. ಅವರು ಟಿಕೆಟ್ ಮಾಡಿಸಬೇಕಲ್ಲ.

ಇನ್ನೊಂದು ಸಣ್ಣ ಉಪಾಯ. ಲಕೋಟೆಗಳನ್ನು ಪ್ರೆಸ್‌ನಿಂದ ಈ ವಾರವೇ ಖಾಲಿ ತರಿಸಿಕೊಳ್ಳಿ. ಕಾರ್ಡ್ ಅಚ್ಚಾಗುವಷ್ಟರಲ್ಲಿ ವಿಳಾಸ ಬರೆದು ಮುಗಿಸಬಹುದು. ಎಣಿಸುವಾಗ ತಲೆಗೊಂದು ಬೇಡ, ಮನೆಗೊಂದು. ಹತ್ತಕ್ಕೊಂದರ ಲೆಕ್ಕದಲ್ಲಿ ಜಾಸ್ತಿ ಹಾಕಿಸಿ, ಆಮೇಲೆ ಇಪ್ಪತ್ತೇ ಇಪ್ಪತ್ತು ಬೇಕು ಅಂತ ಹೋದರೆ ಒಂದೊಂದೂ ದುಬಾರಿ ಬೀಳುತ್ತದೆ. ಅಂಚೆಗೆ ಹಾಕುವ ಮುಂಚೆ ನಕ್ಷೆ ಗಿಕ್ಷೆ ಎಲ್ಲ ತುಂಬಿದ ಒಂದು ಲಕೋಟೆಯನ್ನು ತೂಕ ಮಾಡಿಸಿ.

ಕರಡನ್ನು ನೀವೇ ಓದಿದರೆ ತಪ್ಪು ಕಾಣಲ್ಲ, ಕಣ್ಣು ತಾನಾಗಿಯೇ ಸರಿ ಮಾಡಿಕೊಂಡು ಓದುತ್ತದೆ. ನಿಮ್ಮ ಎರಡೂ ಮನೆಯವರನ್ನು ಅರಿಯದ ಯಾರಿಗಾದರೂ ಕೊಡಿ. ವಾರ ಮತ್ತು ತಾರೀಖು ಹೊಂದುತ್ತಾ ಅಂತ ಕ್ಯಾಲೆಂಡರ್ ಇಟ್ಟುಕೊಂಡು ನೋಡಲಿ. ಫೋನ್ ನಂಬರನ್ನು ಓದೋದಲ್ಲ, ಒಂದು ಸಲ ಡಯಲ್ ಮಾಡಲಿ. ಪ್ರೆಸ್‌ಗೆ ಕಳಿಸುವ ಪಿಡಿಎಫ್‌ನಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿರಬೇಕು, ಅಂದರೆ ಫಾಂಟ್ ಇಲ್ಲದೆಯೂ ಹಾಗೇ ಕಾಣುವ ಚಿತ್ರದಂತೆ ಬದಲಿಸಿರಬೇಕು. ಇಲ್ಲದಿದ್ದರೆ ಅಲ್ಲಿನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಸಿಗದೆ ಒತ್ತಕ್ಷರಗಳು ಪಕ್ಕಕ್ಕೆ ಹಾರಿ ಕೂರುವುದುಂಟು. ಗೆಳತಿಗೆ ಇದು ಗೊತ್ತೇ ಇರುತ್ತದೆ. ಆದರೂ ಪೂರ್ತಿ ಅಚ್ಚಿಗೆ ಹೂಂ ಅನ್ನುವ ಮುಂಚೆ ಕಾಗದದ ಮೇಲೆ ಒಂದು ಪ್ರತಿ ತೆಗೆಸಿ ಕೈಯಲ್ಲಿ ಹಿಡಿದು ನೋಡಿ.

ಭಾವನವರು ಮತ್ತೆ ಏನಾದರೂ ಹೇಳಿದರೆ ಪ್ರೆಸ್‌ಗೆ ಹೋಗಿಬಿಟ್ಟಿದೆ ಅನ್ನಿ. ಹೋಗಿರದಿದ್ದರೂ ಹಾಗೇ ಅನ್ನಿ.

ಗೆಳತಿಗೆ ಒಂದು ವಾರ ಕೊಡಿ, ದಿನವನ್ನು ಬಾಯಿಬಿಟ್ಟು ಹೇಳಿ. ಆಗಲ್ಲ ಅಂದರೆ ಬೇಸರ ಬೇಡ. ಅದೇ ಒಕ್ಕಣೆಯನ್ನು ಪ್ರೆಸ್‌ನವರ ಸಾದಾ ಕಾರ್ಡಿನ ಮೇಲೆ ಹಾಕಿಸಿ, ಉಡುಗೊರೆಗೆ ಅವಳಿಂದ ಧನ್ಯವಾದದ ಕಾರ್ಡ್ ಮಾಡಿಸಿಕೊಳ್ಳಿ. ಅದು ಹೋಗುವುದು ಮದುವೆ ಮುಗಿದ ಮೇಲೆ, ಆತುರವಿಲ್ಲ. ಬಂಗಾರದ ಫಾಯಿಲ್ ಬೇಕೇ ಬೇಕು ಅಂದರೆ ಅದಕ್ಕೆ ಹಾಕಿಸಿ.